ಅಮ್ಮನ ಕಿವಿ ಮಗನ ಜೇಬಿನಲ್ಲಿ

ಬೇಕರಿ ಅಮ್ಮನ ಕಿವಿ ಮಂದವಾದದ್ದು ವಯಸ್ಸಿನಿಂದ ಎಂದು ಯಾರಾದರೂ ಹೇಳಿದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು.

"ವಯಸ್ಸಂತೆ ವಯಸ್ಸು! ನನ್ನ ಕಿವಿ ತಿಂದಿದ್ದು ಆ ರಾಕ್ಷಸ ಕಣ್ರೀ," ಎಂದು ಅಂಗಡಿಯ ಹಿಂದಿನ ಕೋಣೆಯ ಕಡೆಗೆ ಕೈ ತೋರಿಸುತ್ತಿದ್ದಳು.

ರಾಕ್ಷಸ ಅಂದರೆ ಹಿಟ್ಟು ಕಲೆಸುವ ಮಷೀನು. ಮದುವೆಯಾದ ಹೊಸದರಲ್ಲಿ ಗಂಡ ಅದನ್ನು ಯಾರಿಂದಲೋ ಹಳೆಯದು ಕೊಂಡು ತಂದು, ಬ್ರೆಡ್ಡು ಬೇಯಿಸುವ ಇಟ್ಟಿಗೆಯ ಭಟ್ಟಿಯ ಪಕ್ಕದಲ್ಲಿ ಕೂರಿಸಿದ್ದ. ಅದು ತಿರುಗಲು ಶುರುಮಾಡಿದರೆ ಗೋಡೆಗೆ ಒರಗಿಸಿಟ್ಟ ಟ್ರೇಗಳೆಲ್ಲ ಗಡಗಡ ನಡುಗುತ್ತಿದ್ದವು. ಅದರ ಮುಂದೆ ಗಂಟಲು ಹರಿದುಕೊಂಡರೂ ಪ್ರಯೋಜನವಿರಲಿಲ್ಲ. ಹಾಗಾಗಿ ಆ ಕೋಣೆಯಲ್ಲಿ ದುಡಿಯುವವರಿಗೆ ಬೇರೆಯೇ ಮಾತಿತ್ತು. ಮುಷ್ಟಿ ಎತ್ತಿದರೆ, ಇನ್ನೂ ಬೇಯಬೇಕು, ಮುಟ್ಟಬೇಡ. ಬೆರಳು ಉಜ್ಜಿದರೆ, ಹಿಟ್ಟು ಸಾಲದು. ಅಂಗೈ ಮಗುಚಿದರೆ, ಬೆಂದಿದೆ, ತೆಗಿ. ಉಳಿದದ್ದನ್ನೆಲ್ಲ ಒಬ್ಬರ ತುಟಿ ಒಬ್ಬರು ನೋಡಿಯೇ ತಿಳಿದುಕೊಳ್ಳಬೇಕು. ಗಂಡ ಹೆಂಡತಿ ಆ ಸದ್ದಿನಲ್ಲೇ ಜಗಳವಾಡಿ, ಆ ಸದ್ದಿನಲ್ಲೇ ರಾಜಿಯಾಗಿ, ಬೀದಿಗೆಲ್ಲ ಬ್ರೆಡ್ಡು ಬನ್ನು ತಿನ್ನಿಸಿದ್ದರು.

ಗಂಡ ತೀರಿಕೊಂಡ ಮೇಲೆ ಭಟ್ಟಿ ಮಗನ ಕೈಗೆ ಬಂತು. ಗಲ್ಲಾ ಮಾತ್ರ ಅಮ್ಮನದೇ. ಗಾಜಿನ ಕಪಾಟಿನ ಹಿಂದೆ ಎತ್ತರದ ಸ್ಟೂಲು, ಅದರ ಮೇಲೆ ಒಂದು ದಿಂಬು, ದಿಂಬಿನ ಮೇಲೆ ಅಮ್ಮ. ಆ ಸ್ಟೂಲಿನಲ್ಲಿ ಬೇರೆ ಯಾರಾದರೂ ಕೂತರೆ ಗಿರಾಕಿಗಳೇ "ಅಮ್ಮ ಎಲ್ಲಿ? ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಆದರೆ ಗಿರಾಕಿಗಳು ಕೂಗಿ ಕೂಗಿ ಸುಸ್ತಾಗುತ್ತಿದ್ದದ್ದೂ ನಿಜ. ಬಗ್ಗಿ ಬಿಸ್ಕತ್ತು ಆರಿಸುತ್ತ ಮಾತಾಡುವವರು, ಬೆನ್ನು ತಿರುಗಿಸಿ ಮಾತಾಡುವವರು, ಇಂಥವರ ಮಾತು ಆಕೆಗೆ ದಕ್ಕುತ್ತಿರಲಿಲ್ಲ. ಕೊನೆಗೆ ಮಗ ಕರೆದುಕೊಂಡು ಹೋಗಿ ಎರಡೂ ಕಿವಿಗೆ ಮಷೀನು ಹಾಕಿಸಿದ. ಕಡಲೆಕಾಯಿ ಗಾತ್ರದ್ದು, ಕಿವಿಯ ಹಿಂದೆ ಕೂರುವಂಥದ್ದು.

"ಇದಕ್ಕೊಂದು ಆ್ಯಪ್ ಇದೆ," ಎಂದಳು ಮಷೀನು ಕೊಟ್ಟ ಹುಡುಗಿ. "ಫೋನಲ್ಲೇ ಸದ್ದು ಜೋರು ಮಾಡಬಹುದು, ಕಮ್ಮಿ ಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ಯಾರ ಫೋನಿಗೆ ಹಾಕಲಿ?"

ಅಮ್ಮ ತನ್ನ ಗುಂಡಿ ಒತ್ತುವ ಫೋನನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಹುಡುಗಿ ನಗು ತಡೆದುಕೊಂಡಳು.

"ನನ್ನ ಫೋನಿಗೇ ಹಾಕಿ," ಎಂದ ಮಗ. "ಅಮ್ಮನಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ."

ಹಾಗೆ ಅಮ್ಮನ ಕಿವಿ ಮಗನ ಜೇಬು ಸೇರಿತು.

ಅಂಗಡಿಯ ಮೇಲೆಯೇ ಮನೆ. ಅವತ್ತು ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲವೂ ಕೇಳಿಸಿತು. ಚಮಚ ತಟ್ಟೆಗೆ ತಾಗಿದ್ದು, ನಲ್ಲಿ ತೊಟ್ಟಿಕ್ಕಿದ್ದು, ಕುರ್ಚಿಯ ಕಾಲು ಕಿರುಗುಟ್ಟಿದ್ದು. ಸೊಸೆ ರಸ್ಕು ಕಡಿದಾಗ ಬೆಚ್ಚಿಬಿದ್ದಳು.

"ಏನೇ ಇದು, ಎಮ್ಮೆ ಮೇಯ್ದ ಹಾಗೆ! ಇಷ್ಟು ವರ್ಷ ಹೀಗೇ ತಿಂತಿದ್ಯಾ?"

"ನಿಮ್ಮ ಬೇಕರಿ ರಸ್ಕು ಅತ್ತೆ, ಕಲ್ಲಿನ ಹಾಗಿದ್ರೆ ನಾನೇನು ಮಾಡ್ಲಿ?" ಎಂದಳು ಸೊಸೆ. ಆಕೆ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ಮಾತಿಗೆ ಮಾತು ಕೊಡುವುದರಲ್ಲಿ ಅತ್ತೆಗಿಂತ ಒಂದು ಕೈ ಮೇಲೆಯೇ.

ಎಲ್ಲರೂ ನಕ್ಕರು. ಮಗ ಫೋನು ತೆಗೆದು ಬೆರಳಾಡಿಸಿ, "ತಾಳಮ್ಮ, ಸ್ವಲ್ಪ ಕಮ್ಮಿ ಮಾಡ್ತೀನಿ," ಎಂದ. ಸದ್ದು ಹದಕ್ಕೆ ಬಂತು. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಮರುದಿನ ಬಂದ ಗಿರಾಕಿಗಳಿಗೆಲ್ಲ ಅದೇ ಕಥೆ. "ನನ್ನ ಮಗ ಭಟ್ಟಿ ಹತ್ರ ನಿಂತ್ಕೊಂಡೇ ನನ್ನ ಕಿವಿ ಸರಿಮಾಡ್ತಾನೆ. ಎಷ್ಟು ಜನ ಮಕ್ಕಳು ಮಾಡ್ತಾರೆ ಹೇಳಿ."

ಕೇಳಿಸಲು ಶುರುವಾದ ಮೇಲೆ ಸುಮ್ಮನಿರುವ ಹೆಂಗಸೇ ಅವಳು? ಮನೆಯ ಎಲ್ಲ ಮಾತಿಗೂ ಬಾಯಿ ಹಾಕತೊಡಗಿದಳು. ಮಗ ಸೊಸೆಯರ ಜಗಳವಂತೂ ಹೆಚ್ಚಾಗಿ ಭಟ್ಟಿಯ ಸುತ್ತಲೇ. ಕತ್ತಲಿರುವಾಗಲೇ ಎದ್ದು ಸೌದೆ ಒಟ್ಟಬೇಕು, ಸಂಜೆಯ ಬ್ಯಾಚು ಮುಗಿಸಿ ಮೇಲೆ ಬರುವಷ್ಟರಲ್ಲಿ ಮಗನ ಸೊಂಟ ಬಿದ್ದುಹೋಗಿರುತ್ತಿತ್ತು. ಕೂತರೆ ಏಳಲಾರ, ಎದ್ದರೆ ಕೂರಲಾರ.

"ಎಷ್ಟು ದಿನಾಂತ ಹೀಗೆ ಸಾಯ್ತೀರಿ? ಆ ಭಟ್ಟಿ ಆರಿಸಿ ಅತ್ಲಾಗೆ," ಎನ್ನುತ್ತಿದ್ದಳು ಸೊಸೆ.

"ಆರಿಸ್ತೀಯಾ? ಭಟ್ಟಿ ಸುದ್ದಿಗೆ ಬಂದ್ರೆ ನೋಡು!" ಎಂದು ಅಮ್ಮ ಕೋಣೆಯ ಒಳಗಿಂದಲೇ ಗುಡುಗುತ್ತಿದ್ದಳು. "ಆ ಭಟ್ಟಿ ಕಟ್ಟೋವಾಗ ಇಟ್ಟಿಗೆ ಹೊತ್ತೋಳು ನಾನು. ಅದನ್ನ ಆರಿಸೋಕೆ ನೀನ್ಯಾರೇ?"

ಅದಾದ ಮೇಲೆ ಕಿವಿ ಮಷೀನು ಕೈಕೊಡತೊಡಗಿತು. ಚೆನ್ನಾಗಿ ಕೇಳುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಹೋಗುವುದು. ಕಿವಿಗೆ ಬಿರಡೆ ಜಡಿದ ಹಾಗೆ. ಸಂಜೆಯ ಹೊತ್ತು ಜಾಸ್ತಿ. ಅಮ್ಮ ಗುಂಡಿಯಂಥ ಬ್ಯಾಟರಿಗಳನ್ನು ಕಿತ್ತು ಹೊಸದು ಹಾಕುತ್ತಿದ್ದಳು. ಅದೂ ಅಷ್ಟೇ. ಬ್ಯಾಟರಿ ಮಾರಿದವನನ್ನು ಬಾಯಿಗೆ ಬಂದ ಹಾಗೆ ಬೈದಳು. ಕಿವಿ ತೊಳೆದುಕೊಂಡಳು. ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟಳು.

"ಏನೋ ಇದು, ಒಂದು ವಾರಕ್ಕೂ ಬರ್ತಿಲ್ವಲ್ಲೋ."

"ಈಗಿನ ಬ್ಯಾಟರಿಗಳೇ ಅಷ್ಟಮ್ಮ," ಎಂದ ಮಗ, ಬ್ರೆಡ್ಡಿನ ಅಚ್ಚು ಒರೆಸುತ್ತ. ಮುಖ ಎತ್ತಲಿಲ್ಲ.

ಒಂದು ಸಂಜೆ ಊಟದ ಮೇಜಿನಲ್ಲಿ ಸೊಸೆ ಬಟಾಣಿ ಪಲ್ಯ ಬಡಿಸುತ್ತ ಏನೋ ಹೇಳುತ್ತಿದ್ದಳು. ಮಗನ ಎಡಗೈ ಮೇಜಿನ ಅಂಚಿಗೆ ಜಾರಿತು. ಅಲ್ಲಿ ಫೋನಿತ್ತು. ಹೆಬ್ಬೆರಳು ಗಾಜಿನ ಮೇಲೆ ಕೆಳಕ್ಕೆ ಸರಿಯಿತು. ಅಮ್ಮನ ಕಿವಿಯಲ್ಲಿ ಸೊಸೆಯ ದನಿ ಅದೇ ಹೊತ್ತಿಗೆ ಸರಿಯಾಗಿ ಇಂಗಿಹೋಯಿತು. ಸೊಸೆ ಗಂಡನ ಕೈ ನೋಡಿ, ತಟ್ಟೆ ನೋಡಿ, ಮಾತು ಮುಂದುವರಿಸಿದಳು.

ಅಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಕಾಲೇಜಿಗೆ ರಜೆ. ಮೊಮ್ಮಗಳು ಕೆಳಗೆ ಬನ್ನಿಗೆ ಉಂಡೆ ಕಟ್ಟಲು ಕೂತಿದ್ದಳು. ಕಾಲೇಜು ಮುಗಿಸುವಷ್ಟು ದೊಡ್ಡವಳಾದರೂ ಮನೆಯಲ್ಲಿ ಅವಳು ಪುಟ್ಟಿಯೇ.

"ಪುಟ್ಟೀ, ನಿಮ್ಮಪ್ಪ ನನ್ನ ಕಿವಿ ಮುಚ್ತಾನಾ?"

ಪುಟ್ಟಿಯ ಕೈಯ ಉಂಡೆ ಚಪ್ಪಟೆಯಾಯಿತು. "ಹೇಳಿದ್ರೆ ಅಪ್ಪ ಬೈತಾನೆ ಅಜ್ಜಿ."

"ಹೇಳದಿದ್ರೆ ನಾನು ಬೈತೀನಿ. ಯಾರ ಬೈಗುಳ ವಾಸಿ, ನೀನೇ ಆರಿಸ್ಕೋ."

ಪುಟ್ಟಿ ಹೇಳಿದಳು. ಆ್ಯಪ್‌ನಲ್ಲಿ ಒಂದು ಗೀಟು, ಗೀಟಿನ ಮೇಲೆ ಒಂದು ಚುಕ್ಕೆ. ಚುಕ್ಕೆ ಕೆಳಗೆ ಎಳೆದರೆ ಅಜ್ಜಿಗೆ ಕೇಳುವುದಿಲ್ಲ. "ಮೊದಮೊದಲು ಜಗಳ ಆಡುವಾಗ ಮಾತ್ರ ಎಳೀತಿದ್ದ. ಈಗ ಅಭ್ಯಾಸ ಆಗ್ಬಿಟ್ಟಿದೆ. ನಾನು ಬೇಡ ಅಂದೆ ಅಜ್ಜಿ, ನಿಜ ಹೇಳ್ತೀನಿ. ಅಪ್ಪ ಕೇಳಲಿಲ್ಲ."

"ಬ್ಯಾಟರಿ ಹಾಳಾಗಿದೆ ಅಂತ ನಾನು ಆ ಪಾಪದ ಅಂಗಡಿಯವನಿಗೆ ಬೈದೆನಲ್ಲೇ!" ಎಂದಳು ಅಮ್ಮ. ಹೊಟ್ಟೆಯಲ್ಲಿ ಹುಟ್ಟಿದ ಮಗ ತನ್ನನ್ನು ರೇಡಿಯೋ ಮಾಡಿಕೊಂಡನಲ್ಲ ಎಂದು ಅಳುವೇ ಬಂತು. ಅಳು ಬಂದಷ್ಟೇ ಬೇಗ ಹೋಯಿತು, ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತು.

"ಹೋಗಿ ಅಪ್ಪನ್ನ ಕೇಳ್ತೀಯಾ ಅಜ್ಜಿ?"

"ಈಗಲ್ಲ. ಏನೇನು ಮುಚ್ಚಿಡ್ತಾನೆ ಅಂತ ಮೊದಲು ನೋಡ್ಕೋತೀನಿ."

ಮಗ ಮರೆತಿದ್ದದ್ದು ಒಂದೇ. ಕಿವಿ ಮಷೀನು ಬಂದ ಮೇಲೆ ಅಮ್ಮನಿಗೆ ತಿಳಿಯುವುದೆಲ್ಲ ತನ್ನ ಫೋನಿನಿಂದಲೇ ಎಂದು ಅವನು ನಂಬಿಬಿಟ್ಟಿದ್ದ. ಅವಳು ಅರ್ಧ ಆಯಸ್ಸು ಆ ರಾಕ್ಷಸನ ಮುಂದೆ ನಿಂತು, ಹಿಟ್ಟು ಮೆತ್ತಿದ ಮುಖಗಳ ತುಟಿಯಿಂದಲೇ ಮಾತು ಹೆಕ್ಕಿದವಳು ಎನ್ನುವುದು, ಅದೇ ಕೋಣೆಯಲ್ಲಿ ಬೆಳೆದ ಅವನಿಗೆ ನೆನಪೇ ಇರಲಿಲ್ಲ. ಈಗ ಸದ್ದು ನಿಂತ ಕೂಡಲೇ ಅಮ್ಮ ಬಟ್ಟೆ ಮಡಿಸುತ್ತಲೋ ಬೀನ್ಸ್ ಮುರಿಯುತ್ತಲೋ ಕಣ್ಣೆತ್ತುತ್ತಿದ್ದಳು. ಕೇಳಲೇಬೇಕಾದ ಮಾತು ಯಾವುದು ಎಂದು ಮಗನೇ ತಿಳಿಸಿಕೊಟ್ಟ ಹಾಗಾಗಿತ್ತು.

ಹೀಗೆ ಆಕೆಗೆ ಕೆಲವು ಸಂಗತಿ ತಿಳಿದವು. ಸೊಸೆಗೆ ಆಫೀಸಿನಲ್ಲಿ ಮೇಲಿನವಳ ಕಾಟ. ಪುಟ್ಟಿಗೆ ಒಂದು ಪರೀಕ್ಷೆ ಕೈಕೊಟ್ಟಿದೆ. ಇವೆಲ್ಲ ತಿಳಿದೂ ತಿಳಿಯದವಳ ಹಾಗೆ ಇದ್ದಳು. ಆದರೆ ಒಂದು ಸಂಜೆ ಮಗನ ತುಟಿಯ ಮೇಲೆ 'ಕಂಪನಿ' ಎನ್ನುವ ಮಾತು ಕಂಡಿತು. ಪ್ಯಾಕೆಟ್ ಬ್ರೆಡ್ಡಿನ ಕಂಪನಿ. ಭಟ್ಟಿ ಕೋಣೆ ಅವರ ಗೋಡೌನು. ಮುಂದುಗಡೆ ಅವರ ಬೋರ್ಡು. ಗಲ್ಲಾಕ್ಕೆ ಅವರದೇ ಹುಡುಗಿ.

"ಅತ್ತೆ?" ಎಂದವು ಸೊಸೆಯ ತುಟಿಗಳು.

"ಮೇಲೆ ಆರಾಮಾಗಿ ಇರ್ತಾಳೆ. ಟೀವಿ ನೋಡ್ಕೊಂಡು."

ಅಮ್ಮ ಬೀನ್ಸ್ ಮುರಿದಳು. ಒಂದೊಂದನ್ನೂ ಬೇಕಾದ್ದಕ್ಕಿಂತ ಸಣ್ಣಗೆ ಮುರಿದಳು.

ಕಂಪನಿಯವನು ಬಂದದ್ದು ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು ನೋಡಿ. ಹೊಳೆಯುವ ಬೂಟು, ಕೈಯಲ್ಲಿ ಚಿತ್ರಗಳ ಪುಸ್ತಕ. ಕಪಾಟಿನ ಬನ್ನುಗಳ ಕಡೆಗೆ ಕಣ್ಣು ಹಾಯಿಸಿದ, ಅವು ಆಗಲೇ ಇಲ್ಲವೇನೋ ಎನ್ನುವ ಹಾಗೆ. ಮಗ ಏಪ್ರನ್ನಿಗೆ ಕೈ ಒರೆಸಿಕೊಂಡು ಹೊರಗೆ ಬಂದ. ಜೇಬಿಗೆ ಕೈ ಹೋಯಿತು. ಅಮ್ಮನ ಸುತ್ತ ಬೀದಿಯ ಸದ್ದು ನಿಂತಿತು.

ಅಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.

"ಭಟ್ಟಿ ಒಡೆಸ್ಬೇಕಾಗುತ್ತೆ," ಎನ್ನುತ್ತಿದ್ದ ಕಂಪನಿಯವ. "ಅಂಗಡಿ ತಾಯಿ ಹೆಸರಲ್ಲಿದೆ ಅಲ್ವಾ? ಅವರು ಒಪ್ತಾರಾ?"

"ಅಮ್ಮ ತಾನೇ? ಒಪ್ತಾಳೆ ಬಿಡಿ. ಭಟ್ಟಿ ರಿಪೇರಿ, ಸ್ವಲ್ಪ ದಿನ ಆರಿಸ್ಬೇಕು ಅಂತ ಹೇಳ್ತೀನಿ. ಒಂದ್ಸಲ ಆರಿಸಿದ್ಮೇಲೆ ಮತ್ತೆ ಯಾರು ಹಚ್ತಾರೆ."

"ಆಮೇಲೆ ಗಲಾಟೆ ಮಾಡಿದ್ರೆ?"

"ನಾಲ್ಕು ದಿನ ಕೂಗಾಡ್ತಾಳೆ. ಸುಮ್ಮನಾಗ್ತಾಳೆ." ಮಗನ ತುಟಿ ಸ್ವಲ್ಪ ತಡವರಿಸಿತು. "ವಯಸ್ಸಾಯ್ತಲ್ಲ."

ಜೇಬಿನಲ್ಲಿ ಮತ್ತೆ ಹೆಬ್ಬೆರಳಾಡಿತು. ಬೀದಿ ವಾಪಸು ಬಂತು, ಒಂದು ಸೈಕಲ್ಲಿನ ಗಂಟೆಯ ಸಮೇತ. ಮಗ ಅಮ್ಮನ ಕಡೆ ಬಗ್ಗಿ, ಅಕ್ಕರೆಯ ದನಿಯಲ್ಲಿ ಹೇಳಿದ. "ಅಮ್ಮಾ, ಇವರು ಭಟ್ಟಿ ರಿಪೇರಿಯವರು. ಸ್ವಲ್ಪ ದಿನ ಆರಿಸ್ಬೇಕಂತೆ. ಆಗಬಹುದಲ್ವಾ?"

ಅಮ್ಮ ಎರಡೂ ಕಿವಿಯಿಂದ ಮಷೀನು ಬಿಚ್ಚಿದಳು. ಗಲ್ಲಾದ ಮೇಲೆ, ಅವನ ಕಣ್ಣೆದುರಿಗೆ ಪಕ್ಕಪಕ್ಕ ಇಟ್ಟಳು.

"ಭಟ್ಟಿ ಒಡೆಸ್ಬೇಕು. ಅಂಗಡಿ ತಾಯಿ ಹೆಸರಲ್ಲಿದೆ. ಅಮ್ಮ ತಾನೇ, ಒಪ್ತಾಳೆ ಬಿಡಿ. ರಿಪೇರಿ ಅಂತ ಹೇಳ್ತೀನಿ. ಒಂದ್ಸಲ ಆರಿಸಿದ್ಮೇಲೆ ಮತ್ತೆ ಯಾರು ಹಚ್ತಾರೆ. ನಾಲ್ಕು ದಿನ ಕೂಗಾಡ್ತಾಳೆ, ಸುಮ್ಮನಾಗ್ತಾಳೆ, ವಯಸ್ಸಾಯ್ತಲ್ಲ." ಅಮ್ಮ ಉಸಿರೆಳೆದುಕೊಂಡಳು. "ಏನಾದ್ರೂ ಬಿಟ್ಟೆನೇನೋ?"

ಕಂಪನಿಯವ ಕಕ್ಕಾಬಿಕ್ಕಿಯಾಗಿ ಮಗನನ್ನು ನೋಡಿದ. ಮಗನ ಮುಖ ಹಸಿ ಹಿಟ್ಟಿನ ಬಣ್ಣಕ್ಕೆ ಬಂದಿತ್ತು.

"ಅಮ್ಮಾ, ಅದು... ನಾನು..."

"ನೀನು ಮುಚ್ಚಿದ್ದು ಕಿವಿ ಕಣೋ. ಕಣ್ಣು ಮುಚ್ಚೋಕೂ ಒಂದು ಆ್ಯಪ್ ತಗೊಂಡು ಬಾ ಹೋಗು!" ಆಮೇಲೆ ಕಂಪನಿಯವನ ಕಡೆ ತಿರುಗಿದಳು. "ನೋಡಪ್ಪಾ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ. ಈ ಅಂಗಡಿ ನನ್ನದು, ಭಟ್ಟಿ ನನ್ನದು. ನಾನು ಇರೋ ತನಕ ಅದು ಆರೋದಿಲ್ಲ. ಬಂದಿದೀಯ, ಒಂದು ಬನ್ನು ತಿಂದ್ಕೊಂಡು ಹೋಗು. ಬಿಸಿಯಾಗಿದೆ."

ಅವನು ಬನ್ನು ತಿನ್ನಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದ.

ಅಂದಿನಿಂದ ಅಮ್ಮ ಮಷೀನು ಹಾಕಿಕೊಳ್ಳಲಿಲ್ಲ. ಎರಡನ್ನೂ ರಸ್ಕಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ, "ಎದುರಿಗೆ ಬಾ. ಮುಖ ತೋರಿಸಿ ಮಾತಾಡು," ಎನ್ನುತ್ತಿದ್ದಳು. ಸೊಸೆ ಒಲೆ ಬಿಟ್ಟು ಬಂದು ಎದುರಿಗೆ ನಿಲ್ಲಬೇಕು. ಮಗ ಮೆಟ್ಟಿಲಿಳಿಯುತ್ತ ಏನೋ ಗೊಣಗಿದರೆ ಅದು ಗಾಳಿಗೆ ಹೋದಂತೆಯೇ. ಎದುರಿಗೆ ನಿಂತು, ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳುವುದು ಸುಲಭವಲ್ಲ. ಮೂರೇ ದಿನಕ್ಕೆ ಮನೆಯವರೆಲ್ಲ ಸುಸ್ತಾದರು.

ಮೊದಲು ಬಂದವಳು ಸೊಸೆ. ಪಾತ್ರೆ ತೊಳೆದ ಕೈ ಒರೆಸಿಕೊಂಡು ಎದುರಿಗೆ ಕೂತಳು. "ನಾನೂ ನೋಡಿ ಸುಮ್ಮನಿದ್ದೆ ಅತ್ತೆ. ತಪ್ಪಾಯ್ತು."

"ತಪ್ಪೇ. ನೀವಿಬ್ಬರು ಜಗಳ ಆಡುವಾಗ ನಾನು ಬಾಯಿ ಹಾಕಿದ್ದೂ ತಪ್ಪೇ," ಎಂದಳು ಅಮ್ಮ. "ಆದ್ರೂ ಹಾಕ್ತೀನಿ, ಅದು ಬೇರೆ ವಿಷಯ."

ಸೊಸೆಗೆ ನಗು ಬಂತು. "ಹಾಕಿ. ನಾನೂ ಬಿಡೋಳಲ್ಲ."

"ಆ ನಿನ್ನ ಆಫೀಸಿನ ಮೇಲಿನವಳಿಗೂ ಹೀಗೇ ಉತ್ತರ ಕೊಡೇ, ನನಗೆ ಮಾತ್ರ ಕೊಡ್ತೀಯಾ."

"ಅಯ್ಯೋ, ಅದೂ ಗೊತ್ತಾಯ್ತಾ ನಿಮಗೆ!" ಎಂದಳು ಸೊಸೆ.

ಮಗ ಬಂದದ್ದು ಭಾನುವಾರದ ಊಟದ ಹೊತ್ತಿಗೆ. ತಟ್ಟೆ ಪಕ್ಕಕ್ಕೆ ಸರಿಸಿ, ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡ. ಮೊದಲು ಮೆಲ್ಲಗೆ ಶುರುಮಾಡಿದ, ಆಮೇಲೆ ಕೂಗಾಟವಾಯಿತು.

"ನಿನಗೇನಮ್ಮ, ಗಲ್ಲಾದಲ್ಲಿ ಕೂತಿರ್ತೀಯ! ಭಟ್ಟಿ ಮುಂದೆ ಬೇಯೋನು ನಾನು. ರಾತ್ರಿ ಸೊಂಟ ಹಿಡ್ಕೊಂಡು ಹೊರಳಾಡೋನು ನಾನು. ಅಪ್ಪ ಹೀಗೇ ಮಾಡಿ ಮಾಡಿ ತಾನೇ ಹೋಗಿದ್ದು? ನಾನೂ ಹಾಗೇ ಹೋಗ್ಲಾ?"

ಅಮ್ಮ ಅವನ ತುಟಿಯನ್ನು ಕೊನೆಯತನಕ ನೋಡಿದಳು.

"ಇದನ್ನ ಮೊದಲೇ ನನ್ನ ಮುಖ ನೋಡಿ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ಕೇಳ್ತಿದ್ಯಾ?"

"ಕೇಳೋದೋ ಬಿಡೋದೋ ನನ್ನಿಷ್ಟ. ಕೇಳಿಸದ ಹಾಗೆ ಮಾಡೋದು ನಿನ್ನಿಷ್ಟ ಅಲ್ಲ." ಅಮ್ಮನ ದನಿ ತಗ್ಗಲಿಲ್ಲ. "ನಿನ್ನ ಸೊಂಟಕ್ಕಿಂತ ಭಟ್ಟಿ ಹೆಚ್ಚು ಅಂತ ಯಾವತ್ತು ಅಂದೆ ನಾನು? ಸಂಜೆ ಬ್ಯಾಚು ನಿಲ್ಲಿಸು. ಬೆಳಗಿನದು ಖಾಲಿಯಾದ್ರೆ ಅಂಗಡಿ ಮುಚ್ಚೋಣ. ಸಂಜೆ ಬ್ರೆಡ್ಡು ಬೇಕಾದವರು ಬೆಳಿಗ್ಗೆ ಎದ್ದು ಬರ್ಲಿ. ಭಟ್ಟಿ ಆರಿಸೋ ಮಾತು ಮಾತ್ರ ಇನ್ನೊಂದ್ಸಲ ಬಂದ್ರೆ, ಗಲ್ಲಾದ ಸ್ಟೂಲು ತಗೊಂಡು ಹೋಗಿ ಭಟ್ಟಿ ಬಾಯಿಗೇ ಹಾಕ್ಕೊಂಡು ಕೂರ್ತೀನಿ. ಒಡೆಯೋಕೆ ಬಂದೋರು ನನ್ನನ್ನ ಎತ್ತಿ ಆಚೆ ಇಟ್ಟು ಒಡೀಲಿ."

ಮಗ ತಲೆ ತಗ್ಗಿಸಿದ. ನೆಲ ನೋಡುತ್ತಲೇ, "ಆಯ್ತು," ಎಂದ.

"ಮುಖ ಎತ್ತಿ ಹೇಳು. ಕೇಳಿಸಲಿಲ್ಲ."

"ಆಯ್ತಮ್ಮ! ಮಷೀನು ಹಾಕ್ಕೋ ಈಗಲಾದ್ರೂ."

"ಹಾಕ್ಕೋತೀನಿ. ಪುಟ್ಟೀ, ನಿನ್ನ ಹಳೇ ಫೋನು ತಗೊಂಡು ಬಾ."

ಊಟದ ಮೇಜಿನ ಮೇಲೇ ಆ ಕೆಲಸ ನಡೆಯಿತು. ಮೊದಲು ಮಗನ ಫೋನಿನಿಂದ ಆ್ಯಪ್ ತೆಗೆಸಿದಳು, ತನ್ನ ಕಣ್ಣೆದುರಿಗೇ. ಮಷೀನುಗಳ ಬ್ಯಾಟರಿ ಬಾಗಿಲು ತೆರೆದು ಮುಚ್ಚಿ, ಮೊಮ್ಮಗಳ ಹಳೇ ಫೋನಿಗೆ ಜೋಡಿಸಿದ್ದಾಯಿತು. ಗಾಜಿನ ಮೂಲೆ ಒಡೆದಿದ್ದರೂ ಕೆಲಸಕ್ಕೆ ತೊಂದರೆ ಇರಲಿಲ್ಲ. ಫೋನಿಗೊಂದು ಬೀಗದ ಗುಟ್ಟಿನ ನಂಬರು ಬೇಕು ಎಂದಾಗ ಅಮ್ಮ ಎಲ್ಲರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಒಬ್ಬಳೇ ಒತ್ತಿದಳು.

ಕಲಿಯುವುದು ಸುಲಭವಿರಲಿಲ್ಲ. ಚುಕ್ಕೆ ಎಳೆಯಲು ಹೋಗಿ ಸೊಸೆಯ ಅಣ್ಣನಿಗೆ ಫೋನು ಹೋಯಿತು. ಒಮ್ಮೆ ಸದ್ದು ಪೂರ್ತಿ ಏರಿಸಿಕೊಂಡು, ಯಾರೋ ಕಾಗದದ ಚೀಲ ಮಡಚಿದ್ದಕ್ಕೆ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಆದರೆ ಕೆಲವೇ ವಾರಗಳಲ್ಲಿ ಅಮ್ಮನ ಹೆಬ್ಬೆರಳು ಪಳಗಿತು. ಚೌಕಾಸಿ ಮಾಡುವ ಗಿರಾಕಿ ಬಂದರೆ ಅವನ ಎದುರಿಗೇ ಚುಕ್ಕೆ ಕೆಳಗೆಳೆದು ಸುಮ್ಮನೆ ನಗುತ್ತ ಕೂರುವಳು. ಸೊಸೆ ರಸ್ಕು ಎತ್ತಿಕೊಂಡರೆ, "ತಾಳು ತಾಳು," ಎಂದು ಫೋನು ಹುಡುಕುವಳು. ಬೆಳಿಗ್ಗೆ ರಾಕ್ಷಸ ಗುಡುಗುವಾಗ ಮಾತ್ರ ಸದ್ದು ಸ್ವಲ್ಪ ಏರಿಸಿಕೊಂಡು ಕೇಳುವಳು. ಅವಳ ಕಿವಿ, ಅವಳಿಷ್ಟ.

ಎಲ್ಲ ಚೆನ್ನಾಗಿ ಕೇಳತೊಡಗಿದ ಮೇಲೆ ಅಮ್ಮ ಒಂದು ವಿಷಯ ಗಮನಿಸಿದಳು. ಮಗ ಟೀವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಇಡುತ್ತಾನೆ. ಪುಟ್ಟಿ ಬಾಗಿಲಿನಿಂದ ಕರೆದರೆ ತಿರುಗುವುದಿಲ್ಲ. ಮಾತಿಗೊಮ್ಮೆ "ಏನು? ಏನಂದೆ?" ಎನ್ನುತ್ತಾನೆ. ಎದುರಿಗಿದ್ದವರ ಕಣ್ಣು ಬಿಟ್ಟು ತುಟಿ ನೋಡುತ್ತಾನೆ.

"ನಿನ್ನನ್ನೂ ತಿಂತಿದೆ ಕಣೋ ಆ ರಾಕ್ಷಸ. ನಡಿ, ಪರೀಕ್ಷೆ ಮಾಡಿಸ್ಕೊಂಡು ಬರೋಣ."

"ನನಗೇನಾಗಿದೆ? ವಯಸ್ಸಾಯ್ತಾ ನನಗೆ?" ಎಂದು ಮಗ ರೇಗಿದ.

"ಹೂಂ, ಮೈ ಉರೀತಾ ಈಗ? ನಡಿ."

ಅದೇ ಅಂಗಡಿ, ಅದೇ ಹುಡುಗಿ. ಮಗ ವಾಪಸು ಬಂದಾಗ ಅವನ ಎರಡೂ ಕಿವಿಯ ಹಿಂದೆ ಕಡಲೆಕಾಯಿ ಗಾತ್ರದ ಮಷೀನು ಕೂತಿತ್ತು. ಆ ಸಂಜೆ ಎಲ್ಲರೂ ಊಟಕ್ಕೆ ಕೂತರು. ಮಗ ಚಮಚದ ಸದ್ದಿಗೆ ಬೆಚ್ಚಿದ, ನಲ್ಲಿಯ ಕಡೆಗೆ ತಿರುಗಿ ನೋಡಿದ, ಹೆಂಡತಿ ರಸ್ಕು ಕಡಿದಾಗ ಕಣ್ಣರಳಿಸಿದ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಕೊಡಿ ಇಲ್ಲಿ," ಎಂದಳು ಸೊಸೆ, ಕೈ ಚಾಚುತ್ತ. "ನಿಮ್ಮದನ್ನ ನನ್ನ ಫೋನಿಗೆ ಹಾಕ್ಕೋತೀನಿ. ನಿಮ್ಮ ಕೈ ಯಾವಾಗ ನೋಡಿದ್ರೂ ಹಿಟ್ಟು."

"ಬೇಡ ಬೇಡ!" ಮಗ ಎರಡೂ ಕೈಯಿಂದ ಜೇಬು ಮುಚ್ಚಿಕೊಂಡ. "ನನ್ನ ಕಿವಿ ಇನ್ನೊಬ್ಬರ ಕೈಲಿ ಯಾಕೆ? ನನ್ನ ಹತ್ರಾನೇ ಇರ್ಲಿ!"

ಮಾತು ಬಾಯಿ ಬಿಟ್ಟ ಮೇಲೆ ಅವನಿಗೆ ಅದು ಕೇಳಿಸಿತು, ಅದೂ ಬಲು ಚೆನ್ನಾಗಿ. ಸೊಸೆಯ ಚಾಚಿದ ಕೈ ಅಲ್ಲೇ ನಿಂತಿತು. ಪುಟ್ಟಿ ಅಜ್ಜಿಯ ಕಡೆಗೆ ನೋಡಿದಳು. ಮಗನ ಮುಖ ಕೆಂಪಾಯಿತು, ಕಣ್ಣು ತುಂಬಿಬಂತು. ಮೆಲ್ಲಗೆ ಅಮ್ಮನ ಕಡೆ ತಿರುಗಿದ.

"ಅಮ್ಮಾ..."

ಅಮ್ಮನ ಫೋನು ತಟ್ಟೆಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಮೇಜಿನ ಮೇಲೆ ಬಲಗೈ ಎತ್ತಿ, ಭಟ್ಟಿಯಲ್ಲಿ ಬ್ರೆಡ್ಡು ಬೆಂದಾಗ ಅವನ ಅಪ್ಪನಿಗೆ ತೋರಿಸುತ್ತಿದ್ದ ಹಾಗೆ, ಅಂಗೈ ಮಗುಚಿದಳು.